ಗೋಡೆಯಿಲ್ಲದ ನೀರು

50 ಮೀಟರ್ ಉದ್ದದ ಕೊಳದಲ್ಲಿ ಒಂದೂವರೆ ಕಿಲೋಮೀಟರ್ ಈಜುವುದೆಂದರೆ 30 ಲ್ಯಾಪ್. ಅಷ್ಟರಲ್ಲಿ 29 ಸಲ ಗೋಡೆ ಸಿಗುತ್ತದೆ. ಗೋಡೆಗೆ ಕಾಲು ಕೊಟ್ಟು ಒದ್ದರೆ ನಾಲ್ಕೈದು ಮೀಟರ್ ಪುಕ್ಕಟೆಯಾಗಿ ಜಾರಬಹುದು. ಆ ಎರಡು ಮೂರು ಸೆಕೆಂಡು ತೋಳಿಗೂ ಬಿಡುವು, ಎದೆಗೂ ಬಿಡುವು. ತಳದಲ್ಲಿ ದಾರಿ ತೋರಿಸಲು ಕಪ್ಪು ಗೆರೆ ಇರುತ್ತದೆ. ಸಾಕಾಯಿತು ಅನ್ನಿಸಿದರೆ ಪಕ್ಕದ ಹಗ್ಗ ಹಿಡಿದು ನಿಂತರಾಯಿತು. ಎರಡು ವರ್ಷ ಹೀಗೆ ಈಜಿ, ಇನ್ನು ನನಗೆ ಈಜು ಬಂತು ಎಂದುಕೊಂಡಿದ್ದೆ.

ಮಂಗಳೂರಿನ ತಣ್ಣೀರುಬಾವಿಯಲ್ಲಿ ಮೊದಲ ಸಲ ಕಡಲಿಗೆ ಇಳಿದದ್ದು ಒಂದು ಡಿಸೆಂಬರ್ ಬೆಳಿಗ್ಗೆ. ಗಾಳಿ ಇರಲಿಲ್ಲ, ಅಲೆ ಸಣ್ಣದು, ನೀರು ಬೆಚ್ಚಗಿತ್ತು. ಹೆದರಲು ಒಂದೂ ಕಾರಣವಿರಲಿಲ್ಲ. ಅಲೆ ಒಡೆಯುವ ಜಾಗ ದಾಟಿ ಮುಖ ನೀರಿಗಿಟ್ಟೆ. ಹಸಿರೂ ಅಲ್ಲದ ಕಂದೂ ಅಲ್ಲದ ಮಬ್ಬು. ಮುಂದಕ್ಕೆ ಚಾಚಿದ ನನ್ನದೇ ಕೈ ಮೊಣಕೈಯಿಂದಾಚೆ ಕಾಣಲಿಲ್ಲ. ಇಪ್ಪತ್ತು ಸಲ ಕೈ ಬೀಸುವಷ್ಟರಲ್ಲಿ ಎದೆ ಬಿಗಿಯಿತು. ಉಸಿರು ಎಳೆದಷ್ಟೂ ಸಾಲದು. ತಲೆ ಎತ್ತಿದೆ, ಸೊಂಟ ಮುಳುಗಿತು, ಬಾಯಿಗೆ ಉಪ್ಪುನೀರು ಬಂತು. ದಡ ಕಣ್ಣಳತೆಯಲ್ಲೇ ಇತ್ತು, ಗಾಳಿಮರಗಳು ಕಾಣುತ್ತಿದ್ದವು. ಆದರೂ ದೇಹ ನನ್ನ ಮಾತು ಕೇಳಲಿಲ್ಲ. ಜೊತೆಗಿದ್ದವರು ಬೆನ್ನ ಮೇಲೆ ಮಲಗಲು ಹೇಳಿದರು. ಮಲಗಿದೆ. ಆಕಾಶ ನೋಡುತ್ತಾ ಒಂದು ನಿಮಿಷ ಕಳೆದ ಮೇಲೆ ಎದೆ ಬಡಿತ ಇಳಿಯಿತು.

ಓಟ, ಸೈಕಲ್‌ನಿಂದ, ಅವೆರಡಕ್ಕೂ ಈಜು ಸೇರಿದ ಟ್ರಯಥ್ಲಾನ್‌ಗೆ ಬಂದ ನಮ್ಮ ಊರಿನ ಬಹಳ ಮಂದಿ ಇದೇ ಅನುಭವ ಹೇಳುತ್ತಾರೆ. 'ನನಗೆ ಈಜು ಗೊತ್ತುಂಟು, ಧೈರ್ಯ ಮಾತ್ರ ಇಲ್ಲ' ಎನ್ನುತ್ತಾರೆ. ಈ ಮಾತನ್ನು ನಾನು ಒಪ್ಪುವುದಿಲ್ಲ. ಈಜು ಬೇರೆ, ಧೈರ್ಯ ಬೇರೆ ಅಲ್ಲ. ಗೋಡೆ, ಹಗ್ಗ, ಗೆರೆ ಮೂರೂ ಇಲ್ಲದಾಗ ನಮ್ಮ ಈಜಿನಲ್ಲಿ ಮೊದಲಿನಿಂದಲೂ ಇದ್ದ ಕೊರತೆ ಬಯಲಾಗುತ್ತದೆ. ಅದಕ್ಕೆ ನಾವು ಭಯ ಎಂದು ಹೆಸರಿಡುತ್ತೇವೆ, ಅಷ್ಟೆ. ಹಾಗಾಗಿ ಕಡಲಿನ ಅಭ್ಯಾಸ ಶುರುವಾಗುವುದು ಕೊಳದಲ್ಲಿ.

ಕೊರತೆಗಳಲ್ಲಿ ದೊಡ್ಡದು ಉಸಿರಿನದು. ಉಸಿರು ಎಳೆದುಕೊಳ್ಳುವುದರಲ್ಲಿ ತಪ್ಪಿದೆ ಎಂದು ಎಲ್ಲರೂ ತಿಳಿಯುತ್ತಾರೆ. ತಪ್ಪಿರುವುದು ಬಿಡುವುದರಲ್ಲಿ. ಈಜುವಾಗ ಉಸಿರುಗಟ್ಟಿದ ಹಾಗೆ ಅನ್ನಿಸುವುದು ಬಹುಮಟ್ಟಿಗೆ ಆಮ್ಲಜನಕ ಕಡಿಮೆಯಾಗಿ ಅಲ್ಲ, ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿದ್ದರಿಂದ. ಮಿದುಳಿಗೆ 'ಗಾಳಿ ಬೇಕು' ಎಂಬ ಸೂಚನೆ ಕೊಡುವುದು ಅದೇ. ಹೊಸಬರು ಮುಖ ನೀರಿನೊಳಗಿರುವಷ್ಟು ಹೊತ್ತು ಉಸಿರು ಕಟ್ಟಿಕೊಂಡಿರುತ್ತಾರೆ. ಬಾಯಿ ಹೊರಗೆ ಬಂದ ಅರ್ಧ ಸೆಕೆಂಡಿನಲ್ಲಿ ಹಳೆಯದನ್ನು ಬಿಡಬೇಕು, ಹೊಸದನ್ನು ಎಳೆಯಬೇಕು. ಎರಡೂ ಅರ್ಧಂಬರ್ಧ. ಶ್ವಾಸಕೋಶ ತುಂಬಿಯೇ ಇರುತ್ತದೆ, ಆದರೆ ಹಳಸಿದ ಗಾಳಿಯಿಂದ. ಕೊಳದಲ್ಲಿ ಪ್ರತಿ 50 ಮೀಟರಿಗೊಮ್ಮೆ ಗೋಡೆಯ ಬಳಿ ಗೊತ್ತಿಲ್ಲದೆಯೇ ಒಂದು ದೊಡ್ಡ ಉಸಿರು ಬಿಟ್ಟು ಈ ಸಾಲ ತೀರಿಸುತ್ತಿರುತ್ತೇವೆ. ಕಡಲಿನಲ್ಲಿ ಸಾಲ ಬೆಳೆಯುತ್ತಲೇ ಹೋಗುತ್ತದೆ.

ಇದಕ್ಕೆ ಮದ್ದು ಸರಳ. ಎದೆಮಟ್ಟದ ನೀರಿನಲ್ಲಿ ನಿಂತು ಮುಳುಗಿ, ಮೂಗು ಬಾಯಿ ಎರಡರಿಂದಲೂ ಗುಳ್ಳೆ ಬಿಡುತ್ತಾ ಮೇಲೆ ಬರಬೇಕು, ಎಳೆದು ಮತ್ತೆ ಮುಳುಗಬೇಕು. ಇಪ್ಪತ್ತು ಸಲ, ದಿನಾ, ಈಜಲು ಶುರು ಮಾಡುವ ಮೊದಲು. ನೀರಿನೊಳಗೆ ಒಂದು ಹಾಡನ್ನು ಗುನುಗಿದರೂ ಆಗುತ್ತದೆ. ಗುನುಗುವಾಗ ಉಸಿರು ಕಟ್ಟಲು ಬರುವುದೇ ಇಲ್ಲ. ಈಜುವಾಗಲೂ ಮುಖ ನೀರಿಗೆ ಹೋದ ಕ್ಷಣದಿಂದ ಗುಳ್ಳೆ ಹೊರಡುತ್ತಿರಬೇಕು. ಬಾಯಿ ಹೊರಗೆ ಬಂದಾಗ ಎಳೆಯುವ ಕೆಲಸ ಒಂದೇ ಉಳಿದಿರಬೇಕು. ನನಗೆ ಇದು ಅಭ್ಯಾಸವಾಗಲು ಆರು ವಾರ ಹಿಡಿಯಿತು. ಆ ಆರು ವಾರ ನನ್ನ ವೇಗ ಮೊದಲಿಗಿಂತ ಕಡಿಮೆಯಿತ್ತು. ಆಮೇಲೆ ನಿಲ್ಲದೆ 400 ಮೀಟರ್ ಹೋದ ದಿನ ನನಗೇ ನಂಬಲಾಗಲಿಲ್ಲ. ಇದರ ಜೊತೆಗೆ ಒಂದು ಎಚ್ಚರಿಕೆಯನ್ನೂ ಹೇಳಲೇಬೇಕು. ಜೋರಾಗಿ ಹತ್ತಿಪ್ಪತ್ತು ಸಲ ಉಸಿರೆಳೆದು, ನೀರಿನಡಿ ಎಷ್ಟು ಹೊತ್ತು ಇರುತ್ತೇನೆ ನೋಡು ಎಂದು ಪಂತ ಕಟ್ಟುವ ಹುಡುಗರು ಪ್ರತಿ ಕೊಳದಲ್ಲೂ ಇದ್ದಾರೆ. ಹಾಗೆ ಮಾಡಿದಾಗ ಆ 'ಗಾಳಿ ಬೇಕು' ಎಂಬ ಸೂಚನೆಯೇ ತಡವಾಗುತ್ತದೆ, ಸೂಚನೆ ಬರುವ ಮೊದಲೇ ಪ್ರಜ್ಞೆ ತಪ್ಪುತ್ತದೆ. ಒಳ್ಳೆಯ ಈಜುಗಾರರೇ ಹೀಗೆ ಸತ್ತಿದ್ದಾರೆ.

ಎರಡನೆಯದು ದೇಹ ನೀರಿನಲ್ಲಿ ಮಲಗುವ ರೀತಿ. ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರ. ವೇಗ ಎರಡರಷ್ಟಾದರೆ ತಡೆ ನಾಲ್ಕರಷ್ಟಾಗುತ್ತದೆ. ಸೈಕಲ್ ಹೊಡೆಯುವವರಿಗೆ ಇದು ಬಿಡಿಸಿ ಹೇಳಬೇಕಾಗಿಲ್ಲ. ಎದುರುಗಾಳಿಯಲ್ಲಿ ಹ್ಯಾಂಡಲ್ ಮೇಲೆ ಬಗ್ಗುವವರು ಅವರೇ. ಆದರೆ ನೀರಿಗೆ ಇಳಿದ ಮೇಲೆ ಅದೇ ಜನ ತಲೆಯೆತ್ತಿ, ಕಾಲು ಇಳಿಬಿಟ್ಟು, ತೋಳಿನ ಬಲದಿಂದ ನೀರನ್ನು ಸೋಲಿಸಲು ನೋಡುತ್ತಾರೆ. ತಲೆಯ ಭಾರ ಸುಮಾರು ಐದು ಕಿಲೋ. ಅದು ಮೇಲೆದ್ದರೆ ತಕ್ಕಡಿಯ ಇನ್ನೊಂದು ತಟ್ಟೆಯಂತೆ ಸೊಂಟ ಕೆಳಗೆ ಹೋಗುತ್ತದೆ. ಆಗ ನೀವು ಎಳೆಯುತ್ತಿರುವುದು ನಿಮ್ಮನ್ನಲ್ಲ, ನೀರಿನಲ್ಲಿ ಓರೆಯಾಗಿ ನಿಂತ ಒಂದು ಹಲಗೆಯನ್ನು. ಕಣ್ಣು ಕೊಳದ ತಳ ನೋಡುತ್ತಿರಲಿ, ಕುತ್ತಿಗೆ ಸಡಿಲವಿರಲಿ, ಎದೆಯನ್ನು ತುಸು ನೀರಿಗೆ ಒತ್ತಿ. ಸೊಂಟ ತಾನಾಗಿ ಮೇಲೆ ಬರುತ್ತದೆ.

ಓಟಗಾರರ ಪಾದ ಇನ್ನೊಂದು ತೊಂದರೆ. ವರ್ಷಗಟ್ಟಲೆ ರಸ್ತೆಯಲ್ಲಿ ಓಡಿದವರ ಹರಡು ಬಿಗಿದುಕೊಂಡು, ಪಾದ ನೀರಿನಲ್ಲೂ ನಿಂತವರ ಪಾದದ ಹಾಗೆ ಕೊಕ್ಕೆಯಾಗಿರುತ್ತದೆ. ಅದು ಬ್ರೇಕ್ ಕೆಲಸ ಮಾಡುತ್ತದೆ. ರಾತ್ರಿ ಮಂಡಿಯೂರಿ ಹಿಮ್ಮಡಿಯ ಮೇಲೆ ಕೂತು ಪಾದದ ಮೇಲ್ಭಾಗವನ್ನು ಹಿಗ್ಗಿಸಿದರೆ — ನಮ್ಮ ವಜ್ರಾಸನವೇ — ತಿಂಗಳೆರಡು ತಿಂಗಳಲ್ಲಿ ಪಾದ ಹಿಂದಕ್ಕೆ ಚಾಚಿಕೊಳ್ಳಲು ಕಲಿಯುತ್ತದೆ. ಕಾಲು ಜೋರಾಗಿ ಬಡಿಯುವ ಅಗತ್ಯ ಟ್ರಯಥ್ಲೀಟ್‌ಗೆ ಇಲ್ಲ. ತೊಡೆಯ ದೊಡ್ಡ ಸ್ನಾಯುಗಳು ಆಮ್ಲಜನಕವನ್ನು ಕುಡಿದುಬಿಡುತ್ತವೆ, ಮತ್ತು ಅದೇ ಕಾಲು ಮುಂದೆ ಸೈಕಲ್ ತುಳಿಯಬೇಕು, ಓಡಬೇಕು. ದೇಹವನ್ನು ಸಮ ಇಡುವಷ್ಟು ಸಣ್ಣ ಕಿಕ್ ಸಾಕು.

ಕೈಯದು ಸೂಕ್ಷ್ಮ ಕೆಲಸ. ಇದನ್ನು ನಾನು ಕನ್ನಡಿಯ ಮುಂದೆ ನಿಂತು ಕಲಿತೆ. ಬೆರಳುಗಳು ಭುಜದ ನೇರಕ್ಕೆ ನೀರು ಹೊಕ್ಕು ಮುಂದಕ್ಕೆ ಚಾಚಿಕೊಳ್ಳುತ್ತವೆ. ಅಲ್ಲಿಂದ ನೇರ ಕೈಯಲ್ಲಿ ಕೆಳಕ್ಕೆ ಒತ್ತಿದರೆ ದೇಹ ಮೇಲಕ್ಕೆ ಏಳುತ್ತದೆ, ಮುಂದಕ್ಕೆ ಹೋಗುವುದಿಲ್ಲ. ಮೊಣಕೈಯನ್ನು ಮೇಲೆಯೇ ಉಳಿಸಿ, ಅಂಗೈ ಮತ್ತು ಮುಂಗೈಯನ್ನು ಮಾತ್ರ ಕೆಳಕ್ಕೆ ಇಳಿಸಬೇಕು, ಒಂದು ದೊಡ್ಡ ಪೀಪಾಯಿಯನ್ನು ಆಚೆಯಿಂದ ತಬ್ಬಿದ ಹಾಗೆ. ಈಗ ಬೆರಳ ತುದಿ ತಳವನ್ನು ತೋರಿಸುತ್ತಿರುತ್ತದೆ, ಅಂಗೈ ಹಿಂದಕ್ಕೆ ನೋಡುತ್ತಿರುತ್ತದೆ. ಆ ಕ್ಷಣ ನೀರು ಕೈಗೆ ಸಿಕ್ಕ ಅನುಭವವಾಗುತ್ತದೆ. ಮುಷ್ಟಿ ಕಟ್ಟಿ ಎರಡು ಲ್ಯಾಪ್ ಈಜಿ ನೋಡಿ. ಮುಂಗೈ ಎಷ್ಟು ಕೆಲಸ ಮಾಡಬಲ್ಲದು ಎಂದು ಆಗ ತಿಳಿಯುತ್ತದೆ. ನಾನು 50 ಮೀಟರಿಗೆ 58 ಸಲ ಕೈ ಬೀಸುತ್ತಿದ್ದೆ. ಎಂಟು ತಿಂಗಳಲ್ಲಿ ಅದು 46ಕ್ಕೆ ಇಳಿಯಿತು. ಬಲ ಹೆಚ್ಚಿದ್ದು ಹೇಳಿಕೊಳ್ಳುವಷ್ಟೇನೂ ಇಲ್ಲ, ವ್ಯರ್ಥ ಕಡಿಮೆಯಾಯಿತು.

ನೀರಿನಲ್ಲಿ ಬಲಕ್ಕಿಂತ ಸಮಾಧಾನ ಎಷ್ಟು ಮುಖ್ಯ ಎಂಬುದಕ್ಕೆ ನಮ್ಮ ಕರಾವಳಿಯಲ್ಲೇ ಇಬ್ಬರಿದ್ದಾರೆ. ಗೋಪಾಲ ಖಾರ್ವಿ ಅವರು 2013ರಲ್ಲಿ ಕೈಗೆ ಕೋಳ ತೊಟ್ಟು ಸೇಂಟ್ ಮೇರೀಸ್ ದ್ವೀಪದ ಕಡೆಯಿಂದ ಮಲ್ಪೆಯತ್ತ ಮೂರು ಕಿಲೋಮೀಟರಿಗೂ ಹೆಚ್ಚು ಈಜಿ ಗಿನ್ನೆಸ್ ದಾಖಲೆ ಮಾಡಿದರು. ಉಡುಪಿಯ ಗಂಗಾಧರ ಜಿ. ಕಡೆಕಾರ್ ಅವರು 60 ದಾಟಿದ ವಯಸ್ಸಿನಲ್ಲಿ ಪದ್ಮಾಸನ ಹಾಕಿ, ಕಾಲಿಗೆ ಸರಪಳಿ ಬಿಗಿದುಕೊಂಡು ಅರಬ್ಬೀ ಸಮುದ್ರದಲ್ಲಿ ಈಜಿ ದಾಖಲೆ ಬರೆದರು. ಒಬ್ಬರಿಗೆ ಕೈ ಬಳಸುವಂತಿಲ್ಲ, ಇನ್ನೊಬ್ಬರಿಗೆ ಕಾಲು ಬಳಸುವಂತಿಲ್ಲ. ಇಬ್ಬರಿಗೂ ಇದ್ದದ್ದು ಹಿಡಿತದಲ್ಲಿರುವ ಉಸಿರು ಮತ್ತು ನೀರಿನ ಮೇಲೆ ನಿಶ್ಚಿಂತೆಯಾಗಿ ಮಲಗಬಲ್ಲ ದೇಹ. ಸೋರೆಬುರುಡೆಯನ್ನೋ ಎರಡು ಒಣ ತೆಂಗಿನಕಾಯಿಯನ್ನೋ ಕಟ್ಟಿಕೊಂಡು ಕೆರೆಗೆ ಇಳಿಯುತ್ತಿದ್ದ ಕಾಲದ ಮಕ್ಕಳಿಗೆ ಹಿರಿಯರು ಮೊದಲು ಕಲಿಸುತ್ತಿದ್ದದ್ದೂ ತೇಲುವುದನ್ನೇ. ಈಗಿನ ತರಬೇತಿಯಲ್ಲಿ ಆ ಹೆಜ್ಜೆಯನ್ನೇ ಹಾರಿಬಿಡುತ್ತೇವೆ ಎಂಬುದು ನನ್ನ ಕೊರಗು.

ಟ್ರಯಥ್ಲಾನ್‌ಗೂ ಕಡಲಿಗೂ ನಂಟು ಹಳೆಯದು. 1978ರಲ್ಲಿ ಹವಾಯಿಯ ಒವಾಹು ದ್ವೀಪದಲ್ಲಿ, ಅಲ್ಲಿನ ಒಂದು ಸಮುದ್ರ ಈಜು, ಒಂದು ಸೈಕಲ್ ಸವಾರಿ, ಒಂದು ಮ್ಯಾರಥಾನ್ ಮೂರನ್ನೂ ಜೋಡಿಸಿ ಮೊದಲ ಐರನ್‌ಮ್ಯಾನ್ ನಡೆಯಿತು. ಹೊರಟವರು 15 ಮಂದಿ, ಮುಗಿಸಿದವರು 12. 2000ದ ಸಿಡ್ನಿ ಒಲಿಂಪಿಕ್ಸ್‌ಗೆ ಈ ಕ್ರೀಡೆ ಬಂದಾಗ ದೂರ ಚಿಕ್ಕದಾಗಿತ್ತು: 1.5 ಕಿಲೋಮೀಟರ್ ಈಜು, 40 ಸೈಕಲ್, 10 ಓಟ. ಗೋವಾದ ಮೀರಾಮಾರ್‌ನಲ್ಲಿ 2019ರಲ್ಲಿ ಶುರುವಾದ ಐರನ್‌ಮ್ಯಾನ್ 70.3ಯಲ್ಲಿ ಈಜು 1.9 ಕಿಲೋಮೀಟರ್. ನಮ್ಮ ತಣ್ಣೀರುಬಾವಿಯಲ್ಲೂ ತಪಸ್ಯಾ ಫೌಂಡೇಷನ್ ಬೀಚ್ ಉತ್ಸವದ ಜೊತೆ ಟ್ರಯಥ್ಲಾನ್ ನಡೆಸಿದೆ. ಒಲಿಂಪಿಕ್ ದೂರದ ಸ್ಪರ್ಧೆಗಳಲ್ಲಿ ನೀರು 22 ಡಿಗ್ರಿ ದಾಟಿದರೆ ಹವ್ಯಾಸಿಗಳಿಗೂ ವೆಟ್‌ಸೂಟ್ ಇಲ್ಲ. ಮಂಗಳೂರಿನ ಕಡಲು ವರ್ಷವಿಡೀ ಅದಕ್ಕಿಂತ ಎಷ್ಟೋ ಬೆಚ್ಚಗಿರುತ್ತದೆ. ಹಾಗಾಗಿ ಯುರೋಪಿನವರನ್ನು ತೇಲಿಸುವ ಆ ರಬ್ಬರಿನ ಅಂಗಿ ನಮಗೆ ಸಿಗುವುದಿಲ್ಲ. ನಮಗೆ ಸಿಗುವ ನೆರವು ಉಪ್ಪು: ಸಮುದ್ರದ ನೀರು ಸಿಹಿನೀರಿಗಿಂತ ನೂರಕ್ಕೆ ಎರಡೂವರೆಯಷ್ಟು ಭಾರ, ಕಾಲು ಅಷ್ಟು ಸುಲಭಕ್ಕೆ ಮುಳುಗುವುದಿಲ್ಲ.

ಮೊದಲ ದಿನ ನನಗಾದ ಹಾಗೆ ಎದೆ ಬಿಗಿಯುವುದನ್ನು ಹಗುರಾಗಿ ತೆಗೆದುಕೊಳ್ಳಬಾರದು. ಅಮೆರಿಕದಲ್ಲಿ 1985ರಿಂದ 2016ರವರೆಗಿನ ಟ್ರಯಥ್ಲಾನ್‌ಗಳಲ್ಲಿ ಆದ ಸಾವು ಮತ್ತು ಹೃದಯಸ್ತಂಭನಗಳನ್ನು ಪರಿಶೀಲಿಸಿ 2017ರಲ್ಲಿ ಪ್ರಕಟವಾದ ಅಧ್ಯಯನವೊಂದು 135 ಪ್ರಕರಣ ಗುರುತಿಸಿತು. ಅವುಗಳಲ್ಲಿ 90 ಈಜುವಾಗ ಆದವು. ಹೆಚ್ಚಿನವರು ಗಂಡಸರು, ಸರಾಸರಿ ವಯಸ್ಸು 47ರ ಆಸುಪಾಸು. ಸ್ಪರ್ಧೆಯ ಉದ್ವೇಗ ಹೃದಯವನ್ನು ಓಡಿಸುತ್ತಿರುತ್ತದೆ, ಮುಖ ನೀರಿನಲ್ಲಿಟ್ಟು ಉಸಿರು ಕಟ್ಟಿದಾಗ ನರಮಂಡಲ ಅದೇ ಹೃದಯಕ್ಕೆ ನಿಧಾನಿಸು ಎನ್ನುತ್ತದೆ. ಎರಡೂ ಒಟ್ಟಿಗೆ ಬಂದಾಗ ಲಯ ತಪ್ಪುವ ಸಾಧ್ಯತೆಯನ್ನು ವಿಜ್ಞಾನಿಗಳು ಗಂಭೀರವಾಗಿ ಮುಂದಿಟ್ಟಿದ್ದಾರೆ. ನಲವತ್ತು ದಾಟಿದವರು ಕಡಲಿಗಿಳಿಯುವ ಮೊದಲು ಹೃದಯ ತಪಾಸಣೆ ಮಾಡಿಸಿಕೊಳ್ಳಿ. ಸ್ಪರ್ಧೆಯ ದಿನ ಹತ್ತು ನಿಮಿಷ ಮೊದಲೇ ನೀರಿಗಿಳಿದು ಮುಖ ಒದ್ದೆ ಮಾಡಿ, ಗುಳ್ಳೆ ಬಿಟ್ಟು ದೇಹಕ್ಕೆ ಸುದ್ದಿ ಮುಟ್ಟಿಸಿ. ಗುಂಪಿನ ನಡುವೆ ನಿಲ್ಲಬೇಡಿ. ಬದಿಯಲ್ಲಿ ನಿಂತು ಹತ್ತು ಸೆಕೆಂಡು ತಡವಾಗಿ ಹೊರಟರೆ ಕಳೆದುಕೊಳ್ಳುವುದು ಹತ್ತೇ ಸೆಕೆಂಡು.

ಇನ್ನು ಕಡಲು. ಮಂಗಳೂರಿನವರಿಗೆ ಇರುವ ಅನುಕೂಲ ಎಷ್ಟು ಊರುಗಳಿಗಿದೆ? ಲೇಡಿಹಿಲ್‌ನ ಮಂಗಳಾ ಈಜುಕೊಳವಿದೆ. ಎಮ್ಮೆಕೆರೆಯಲ್ಲಿ ಅಂತರರಾಷ್ಟ್ರೀಯ ಮಟ್ಟದ ಕೊಳ ಬಂದಿದೆ, 2023ರ ನವೆಂಬರಿನಲ್ಲಿ ರಾಷ್ಟ್ರೀಯ ಮಾಸ್ಟರ್ಸ್ ಈಜು ಸ್ಪರ್ಧೆ ಅಲ್ಲೇ ನಡೆಯಿತು. ಸುಲ್ತಾನ್ ಬತ್ತೇರಿಯಲ್ಲಿ ಫೆರಿ ಹತ್ತಿ ಫಲ್ಗುಣಿ ದಾಟಿದರೆ ತಣ್ಣೀರುಬಾವಿ: ಒಂದು ಬದಿ ಹೊಳೆ, ಇನ್ನೊಂದು ಬದಿ ಅರಬ್ಬೀ ಸಮುದ್ರ, ನಡುವೆ ಮರಳಿನ ಪಟ್ಟಿ. ಉತ್ತರಕ್ಕೆ ಮೂಲ್ಕಿಯಲ್ಲಿ ಶಾಂಭವಿಯ ಹಿನ್ನೀರು, ಸಸಿಹಿತ್ಲುವಿನ ಸರ್ಫಿಂಗ್ ಅಲೆಗಳು.

ಆದರೆ ಇವೆಲ್ಲ ಎಲ್ಲ ಕಾಲಕ್ಕೂ ಅಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೇ ಮೀನುಗಾರಿಕೆ ನಿಷೇಧವಿರುತ್ತದೆ. ಮಳೆಗಾಲ ಮುಗಿಯುವವರೆಗೆ ಈಜುಗಾರರಿಗೂ ಕಡಲು ಬಂದ್ ಎಂದೇ ತಿಳಿಯಬೇಕು. ನವೆಂಬರಿನಿಂದ ಮಾರ್ಚ್‌ವರೆಗೆ ಬೆಳಗಿನ ಹೊತ್ತು ಒಳ್ಳೆಯದು. ರಾತ್ರಿ ನೆಲ ತಣ್ಣಗಾಗಿ ಗಾಳಿ ದಡದಿಂದ ಕಡಲ ಕಡೆಗೆ ಬೀಸುತ್ತದೆ, ಆಗ ದಡದ ಬಳಿಯ ನೀರು ಮಟ್ಟಸವಾಗಿರುತ್ತದೆ. ಬಿಸಿಲೇರಿದಂತೆ ನೆಲ ಕಾದು ಗಾಳಿ ತಿರುಗುತ್ತದೆ, ಮಧ್ಯಾಹ್ನದ ಹೊತ್ತಿಗೆ ಅಲೆಯ ನೆತ್ತಿಯಲ್ಲಿ ಬಿಳಿ ನೊರೆ ಕಾಣಿಸುತ್ತದೆ. ಆರೂವರೆಗೆ ಇಳಿದು ಎಂಟಕ್ಕೆ ಮೇಲೆ ಬಂದರೆ ಈ ತಕರಾರಿಲ್ಲ.

ಅಳಿವೆಯ ಹತ್ತಿರ ಈಜಬಾರದು. ನೇತ್ರಾವತಿ, ಫಲ್ಗುಣಿ ಎರಡೂ ಸೇರಿ ಬೆಂಗ್ರೆ ಮತ್ತು ಉಳ್ಳಾಲದ ಕೋಟೆಪುರದ ನಡುವಿನ ಅಳಿವೆಬಾಗಿಲಿನಿಂದ ಕಡಲಿಗೆ ಹೋಗುತ್ತವೆ. ಇಳಿತದ ಹೊತ್ತಿನಲ್ಲಿ ಹೊಳೆಯ ನೀರಿನ ಜೊತೆ ಉಬ್ಬರದಲ್ಲಿ ಒಳಗೆ ಬಂದ ನೀರೂ ಹೊರಗೆ ಓಡುತ್ತದೆ. ಆ ಸೆಳೆತದ ಎದುರು ಯಾವ ಈಜುಗಾರನೂ ನಿಲ್ಲಲಾರ. ಸೋಮೇಶ್ವರದ ರುದ್ರಶಿಲೆಯ ಬಳಿ, ಬಂದರಿನ ತಡೆಗೋಡೆಗಳ ಬುಡದಲ್ಲಿ ಕೂಡ ಹಾಗೆಯೇ. ಜೋರು ಮಳೆಯಾದ ಮೇಲೆ ಎರಡು ಮೂರು ದಿನ ಬಿಟ್ಟುಬಿಡಿ. ಊರಿನ ಚರಂಡಿಯೆಲ್ಲ ಹೊಳೆಯಲ್ಲಿರುತ್ತದೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮಳೆಯಿಂದ ಸೀನ್ ನದಿ ಕೆಟ್ಟು ಪುರುಷರ ಟ್ರಯಥ್ಲಾನ್ ಒಂದು ದಿನ ಮುಂದಕ್ಕೆ ಹೋಯಿತು.

ತೆರೆದ ತೀರದಲ್ಲಿ ಗುರುತಿಸಲು ಕಲಿಯಬೇಕಾದ್ದು ರಿಪ್ ಕರೆಂಟ್. ಅಲೆಗಳು ದಡಕ್ಕೆ ತಂದು ಹಾಕಿದ ನೀರು ಎಲ್ಲಿಂದಾದರೂ ಹಿಂದೆ ಹೋಗಲೇಬೇಕು. ಮರಳಿನ ದಿಬ್ಬದಲ್ಲಿ ಆಳವಾದ ಒಂದು ಸಂದು ಸಿಕ್ಕರೆ ಅಲ್ಲಿಂದ ಓಣಿಯಂತೆ ಹೊರಗೆ ಹರಿಯುತ್ತದೆ. ಅಲ್ಲಿ ಆಳವಿರುವುದರಿಂದ ಅಲೆ ಒಡೆಯುವುದಿಲ್ಲ. ದಡದಲ್ಲಿ ನಿಂತವರಿಗೆ ಎರಡು ಬದಿಯ ಬಿಳಿ ನೊರೆಯ ನಡುವೆ ಶಾಂತವಾದ, ಸ್ವಲ್ಪ ಕಪ್ಪು ಬಣ್ಣದ ಪಟ್ಟಿ ಕಾಣುತ್ತದೆ. ಪ್ರವಾಸಕ್ಕೆ ಬಂದವರು ಇಳಿಯಲು ಆರಿಸುವುದು ದುರದೃಷ್ಟಕ್ಕೆ ಅದೇ ಜಾಗವನ್ನು, ಅಲ್ಲಿ ಅಲೆಯಿಲ್ಲವಲ್ಲ ಎಂದು. ಸಿಕ್ಕಿಕೊಂಡರೆ ದಡದ ಕಡೆಗೆ ಗುದ್ದಾಡಬೇಡಿ. ಅದು ಎಳೆಯುವುದು ಹೊರಗೆ, ಅಡಿಗೆ ಅಲ್ಲ. ತೇಲುತ್ತಾ ಕೈಯೆತ್ತಿ ಸಹಾಯ ಕೇಳಿ, ಶಕ್ತಿ ಇದ್ದರೆ ದಡಕ್ಕೆ ಸಮಾನಾಂತರವಾಗಿ ಈಜಿ ಓಣಿಯಿಂದ ಆಚೆ ಬನ್ನಿ, ಆಮೇಲೆ ಅಲೆಯ ಜೊತೆ ಓರೆಯಾಗಿ ದಡಕ್ಕೆ.

ನನ್ನ ಮೊದಲ ಹತ್ತು ಕಡಲ ಈಜುಗಳು ದಡಕ್ಕೆ ಸಮಾನಾಂತರವಾಗಿಯೇ ಇದ್ದವು, ಕಾಲು ಇಟ್ಟರೆ ನೆಲ ಸಿಗುವ ಆಳದಲ್ಲಿ. ಸೊಂಟಕ್ಕೆ ಕಟ್ಟಿದ ಕೇಸರಿ ಬಣ್ಣದ ಗಾಳಿಚೀಲ ಹಿಂದೆ ತೇಲುತ್ತಿತ್ತು. ಅದು ದೋಣಿಯವರಿಗೆ ನಾವಿರುವ ಜಾಗ ತೋರಿಸುತ್ತದೆ, ಸುಸ್ತಾದರೆ ಹಿಡಿದು ತೇಲಲೂ ಬರುತ್ತದೆ. ಒಬ್ಬನೇ ಎಂದೂ ಇಳಿಯಲಿಲ್ಲ. ಮೂವರಲ್ಲಿ ಇಬ್ಬರು ಈಜಿದರೆ ಒಬ್ಬರು ಕಯಾಕ್‌ನಲ್ಲಿ. ಕಂಕುಳು, ಕುತ್ತಿಗೆಗೆ ತೆಂಗಿನೆಣ್ಣೆ ಹಚ್ಚಿದರೆ ಉಪ್ಪಿಗೆ ಚರ್ಮ ಉಜ್ಜಿ ಕೆಂಪಾಗುವುದಿಲ್ಲ. ಬೆಚ್ಚಗಿನ ನೀರಿನಲ್ಲಿ ಬೆವರುವುದು ಗೊತ್ತೇ ಆಗುವುದಿಲ್ಲ, ಆದ್ದರಿಂದ ಇಳಿಯುವ ಮೊದಲು ನೀರು ಕುಡಿದಿರಬೇಕು.

ಗೆರೆಯಿಲ್ಲದ ಕಡೆ ದಾರಿ ಹಿಡಿಯುವುದು ಬೇರೆಯೇ ವಿದ್ಯೆ. ಆರೆಂಟು ಸಲ ಕೈ ಬೀಸಿದ ಮೇಲೊಮ್ಮೆ, ಅಲೆಯ ನೆತ್ತಿಗೆ ಬಂದಾಗ, ಮೊಸಳೆಯಂತೆ ಕಣ್ಣನ್ನಷ್ಟೇ ನೀರಿನ ಮೇಲೆ ತಂದು ಮುಂದೆ ನೋಡಬೇಕು. ಬಾಯಿ ನೀರಿನಲ್ಲೇ ಇರಲಿ. ತಕ್ಷಣ ತಲೆ ಪಕ್ಕಕ್ಕೆ ತಿರುಗಿಸಿ ಉಸಿರು. ಗುರಿಯಾಗಿಟ್ಟುಕೊಳ್ಳಲು ನೀರಿನಲ್ಲಿ ತೇಲುವ ಗುರುತು, ಅಂದರೆ ಬೋಯ್, ತೀರಾ ಸಣ್ಣದು. ಅದರ ಹಿಂದೆ ಇರುವ ಎತ್ತರದ್ದೊಂದನ್ನು ಹಿಡಿಯಬೇಕು. ತಣ್ಣೀರುಬಾವಿಯಿಂದ ಉತ್ತರಕ್ಕೆ ಈಜುವಾಗ ನಮಗೆ ಬಂದರಿನ ಕ್ರೇನ್‌ಗಳೇ ದೀಪಸ್ತಂಭ. ಬೆಳಿಗ್ಗೆ ಸೂರ್ಯ ಊರಿನ ಕಡೆಯಿಂದ ಏಳುವುದರಿಂದ ಉತ್ತರಕ್ಕೆ ಹೋಗುವಾಗ ಬಲಕ್ಕೆ ತಿರುಗಿ ಉಸಿರಾಡಿದರೆ ಕಣ್ಣು ಕೋರೈಸುತ್ತದೆ, ಎಡಕ್ಕೆ ತಿರುಗಿದರೆ ಅಲೆ ಬಾಯಿಗೆ ಬರುತ್ತದೆ. ಎರಡು ಬದಿಯಲ್ಲೂ ಉಸಿರಾಡಲು ಕೊಳದಲ್ಲೇ ಕಲಿತಿರಬೇಕು ಎನ್ನುವುದು ಇದಕ್ಕೇ. ಇನ್ನೊಬ್ಬರ ಪಾದದ ಹಿಂದೆಯೇ ಈಜಿದರೆ ಅವರು ಸೀಳಿದ ನೀರಿನಲ್ಲಿ ನಮಗೆ ಶ್ರಮ ಕಡಿಮೆ, ಅದು ನಿಯಮಕ್ಕೂ ಸರಿ. ಆದರೆ ಅವರು ದಾರಿ ತಪ್ಪಿದರೆ ನಾವೂ ತಪ್ಪುತ್ತೇವೆ.

ಇಷ್ಟೆಲ್ಲ ಓದಿಕೊಂಡರೂ ಕಡಲಿನ ಆ ದಿನದ ಮನಸ್ಸು ತಿಳಿದಿರುವುದು ಅಲ್ಲೇ ಬದುಕುವ ಮೊಗವೀರ ಮೀನುಗಾರರಿಗೆ. ಕಳೆದ ಜನವರಿಯಲ್ಲಿ ನಾವು ಮೂವರು ಗಾಗಲ್ಸ್ ಹಾಕಿ ಹೊರಟಿದ್ದೆವು. ಆಕಾಶ ಶುಭ್ರ, ಅಲೆ ಮೊಣಕಾಲೆತ್ತರವೂ ಇರಲಿಲ್ಲ. ಬಲೆ ಬಿಡಿಸುತ್ತಾ ಕೂತಿದ್ದ ಹಿರಿಯರೊಬ್ಬರು ತಲೆಯೆತ್ತಿ ನೋಡಿ, 'ಇನಿ ಬೊಡ್ಚಿ ಮಾರಾಯರೆ' ಎಂದರು. ಇವತ್ತು ಬೇಡ. ಯಾಕಣ್ಣ ಎಂದರೆ ಗದ್ದ ಎತ್ತಿ ತೆಂಕಣಕ್ಕೆ ತೋರಿಸಿದರು. ನೀರಿನ ಮೇಲೆ ತೇಲುತ್ತಿದ್ದ ಒಂದು ಬಾಳೆದಿಂಡು ನಾವು ನೋಡುತ್ತಿದ್ದ ಹಾಗೆ ಸರಸರನೆ ತೆಂಕಣಕ್ಕೆ ಸಾಗುತ್ತಿತ್ತು. ಗಾಳಿಯಿಲ್ಲ, ಅಲೆಯಿಲ್ಲ, ಆದರೂ ದಡದ ಉದ್ದಕ್ಕೆ ನೀರು ಅಳಿವೆಯ ಕಡೆಗೆ ಹೊಳೆಯಂತೆ ಹರಿಯುತ್ತಿತ್ತು. ನಮ್ಮಲ್ಲಿ ಒಬ್ಬರಿಗೂ ಅದು ಕಂಡಿರಲಿಲ್ಲ.

ಚೀಲ ಕಟ್ಟಿಕೊಂಡು ಎಮ್ಮೆಕೆರೆಗೆ ಹೋದೆವು. ಅಂದು ಲೇನ್ ಖಾಲಿಯಿತ್ತು. ಆರು ಸಲ ಕೈ ಬೀಸುವವರೆಗೆ ಕಣ್ಣು ಮುಚ್ಚುವುದು, ಏಳನೆಯದಕ್ಕೆ ತೆರೆದು ಮುಂದೆ ನೋಡುವುದು ಎಂದು ಮಾತಾಡಿಕೊಂಡು ಶುರು ಮಾಡಿದೆವು. ಎರಡನೇ ಲ್ಯಾಪಿಗೇ ನನ್ನ ಬಲಗೈ ಹಗ್ಗಕ್ಕೆ ಬಡಿಯಿತು. ಎಡಗೈ ನೀರು ಹೊಕ್ಕುವಾಗ ತಲೆಯ ಗೆರೆ ದಾಟಿ ಬಲಕ್ಕೆ ಹೋಗುತ್ತಿದೆ ಎಂದು ದಡದಲ್ಲಿದ್ದ ಗೆಳೆಯ ಕೂಗಿ ಹೇಳಿದ. ಕೈಯನ್ನು ಭುಜದ ನೇರಕ್ಕೆ ತಂದು ಮತ್ತೆ ಕಣ್ಣು ಮುಚ್ಚಿದೆ. ಮೊದಲ ಹತ್ತು ಲ್ಯಾಪಿನಲ್ಲಿ ಒಂಬತ್ತು ಸಲ ಹಗ್ಗ ತಾಗಿತ್ತು, ಕೊನೆಯ ಹತ್ತರಲ್ಲಿ ಎರಡು ಸಲ.